ಅಜ್ಜನ ಜೀಪಿಗೆ ಎರಡು ಸಲ ಹುಡ್ ಹಾಕಿಸಿದ ಪಾಠ

ಹೋದ ಬೇಸಿಗೆ ರಜೆಯಲ್ಲಿ ನಾನು ಒಂದೇ ಜೀಪಿಗೆ ಎರಡು ಸಲ ಹುಡ್ ಹಾಕಿಸಿದೆ. ಮೊದಲನೇದು ಮೂರು ದಿನ ಬಾಳಿತು. ಎರಡನೇದು ಒಂದು ಮಳೆಗಾಲ ಕಳೆದು ಇವತ್ತಿಗೂ ಗಟ್ಟಿಯಾಗಿದೆ. ಜೀಪು ಅದೇ, ಬಟ್ಟೆ ತಂದ ಅಂಗಡಿಯೂ ಅದೇ. ಹಾಗಾದ್ರೆ ಬದಲಾಗಿದ್ದು ಏನು ಅನ್ನೋದನ್ನ ಬರೀತಿದ್ದೀನಿ. ನಮ್ಮ ಸಿಲೆಬಸ್‌ನಲ್ಲಿ ಬೀಮ್ ಇದೆ, ಕಾಲಮ್ ಇದೆ, ಶಾಫ್ಟ್ ಇದೆ. ಬಟ್ಟೆ ಎಲ್ಲೂ ಇಲ್ಲ. ಆದ್ರೆ ಬಟ್ಟೆಯೂ ಲೋಡ್ ಹೊರುತ್ತೆ, ಲೆಕ್ಕ ತಪ್ಪಿದ್ರೆ ಅದೂ ಫೇಲ್ ಆಗುತ್ತೆ. ನಾನು ಇಂಗ್ಲಿಷ್ ಮೀಡಿಯಂನವನು, ಬರವಣಿಗೆಯಲ್ಲಿ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಹುಚ್ಚು ಶುರುವಾಗಿದ್ದು

ನಮ್ಮೂರು ಲಕ್ಷ್ಮೇಶ್ವರ. ಅಜ್ಜನ ಹತ್ರ ಒಂದು ಮಹೀಂದ್ರಾ ಸಿಜೆ-3ಬಿ ಜೀಪಿದೆ, 1972ರ ಮಾಡೆಲ್. ಅದು ರಿಜಿಸ್ಟರ್ ಆದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು, ನಮ್ಮ ಜಿಲ್ಲೆ ಧಾರವಾಡ. ಗದಗ ಜಿಲ್ಲೆ ಆಗಿದ್ದು 1997ರಲ್ಲಿ. ಎಂಟು ವರ್ಷದಿಂದ ಜೀಪು ದನದ ಕೊಟ್ಟಿಗೆ ಪಕ್ಕ ನಿಂತಿತ್ತು. ಎಂಜಿನ್ ಸರಿ ಮಾಡಿಸಿದ್ವಿ, ಟೈರ್ ಹಾಕಿಸಿದ್ವಿ. ಹುಡ್ ಮಾತ್ರ ಚಿಂದಿಯಾಗಿತ್ತು.

ಆಗ ನನ್ನ ಕಾಕಾನ ಮಗ ಮೊಬೈಲ್‌ನಲ್ಲಿ ಹಾಟ್ ರಾಡ್ ಫೋಟೋ ತೋರಿಸಿದ. ಗೊತ್ತಿಲ್ಲದವರಿಗೆ ಹೇಳ್ತೀನಿ: 1930, 40ರ ದಶಕದಲ್ಲಿ ಅಮೆರಿಕದ ಹುಡುಗರು ಹಳೇ ಫೋರ್ಡ್ ಕಾರುಗಳನ್ನ ಅಗ್ಗಕ್ಕೆ ತಗೊಂಡು, ಮಡ್‌ಗಾರ್ಡ್ ಕಿತ್ತು ಹಗುರ ಮಾಡಿ, ಎಂಜಿನ್ ಜೋರು ಮಾಡಿ, ಕ್ಯಾಲಿಫೋರ್ನಿಯಾದ ಒಣಗಿದ ಕೆರೆಗಳ ಮೇಲೆ ರೇಸ್ ಓಡಿಸ್ತಿದ್ರು. 1937ರಲ್ಲಿ ಅದಕ್ಕೆ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಶನ್ ಅನ್ನೋ ಸಂಘವೂ ಹುಟ್ಟಿತು. 1932ರ ಫೋರ್ಡ್ ವಿ8 ರೋಡ್‌ಸ್ಟರ್ ಅಂದ್ರೆ ಅವರಿಗೆ ಪಂಚಪ್ರಾಣ. ಮುಂದಿನ ಗಾಜಿನ ಫ್ರೇಮ್ ಕತ್ತರಿಸಿ ಗಿಡ್ಡ ಮಾಡಿ, ಅದಕ್ಕೆ ತಕ್ಕಂತೆ ತಗ್ಗಾದ ಬಟ್ಟೆ ಟಾಪ್ ಹೊಲಿಸೋದು ಅವರ ಸ್ಟೈಲ್. ಲಾಸ್ ಏಂಜಲೀಸ್‌ನ ಕಾರ್ಸನ್ ಟಾಪ್ ಶಾಪ್ ಮಡಚಲಾಗದ, ಒಳಗೆ ಮೆತ್ತೆ ಇಟ್ಟ ಟಾಪ್‌ಗಳಿಗೇ ಹೆಸರಾಗಿತ್ತು.

ನಾವೂ ಜೀಪಿನ ಗಾಜಿನ ಫ್ರೇಮ್ ನಾಲ್ಕು ಇಂಚು ಕತ್ತರಿಸೋಣ ಅಂತ ಅವನ ಪ್ಲಾನ್. ಅಜ್ಜಗೆ ಹೇಳೋ ಮುಂಚೆ ನಾನು ಕಾನೂನು ಓದಿದೆ, ಓದಿದ್ದು ಒಳ್ಳೇದಾಯ್ತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರೋ ವಿವರ ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕಿಂತ ಬೇರೆಯಾಗೋ ಹಾಗೆ ಗಾಡಿಯನ್ನ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಇನ್ನೊಂದು ವಿಷಯ: 2021ರಲ್ಲಿ ಬಂದ ವಿಂಟೇಜ್ ನಿಯಮದಲ್ಲಿ, 50 ವರ್ಷ ದಾಟಿದ ಗಾಡಿ ಮೂಲ ರೂಪದಲ್ಲಿದ್ರೆ, ಚಾಸಿ ಮತ್ತು ಬಾಡಿ ಬದಲಾಗಿರದಿದ್ರೆ ಮಾತ್ರ ವಿಂಟೇಜ್ ಅಂತ ನೋಂದಣಿ ಮಾಡಿಸಬಹುದು. ನಮ್ಮ ಜೀಪಿಗೆ ಆ ವಯಸ್ಸಾಗಿದೆ. ಒಂದು ಗ್ರೈಂಡರ್ ಬ್ಲೇಡು ಆ ದಾರಿಯನ್ನ ಕಾಯಂ ಆಗಿ ಮುಚ್ಚಿಬಿಡ್ತಿತ್ತು.

ಹಾಗಾಗಿ ಲೋಹ ಮುಟ್ಟೋದು ಬೇಡ, ಹುಡ್ ಒಂದನ್ನೇ ಚೆನ್ನಾಗಿ ಮಾಡೋಣ ಅಂತ ತೀರ್ಮಾನ ಆಯ್ತು. ಅಜ್ಜಂದು ಒಂದೇ ಬೇಡಿಕೆ. ಮುಂಡರಗಿಯಲ್ಲಿರೋ ತಂಗಿ ಮನೆಗೆ ಇದೇ ಜೀಪಿನಲ್ಲಿ ಹೋಗಬೇಕು. ಕಣ್ಣಿನ ಆಪರೇಶನ್ ಆಗಿತ್ತು, ಧೂಳು ಬಿಸಿಲು ತಾಗಬಾರದು ಅಂತ ಡಾಕ್ಟರ್ ಹೇಳಿದ್ರು. ಅಂದ್ರೆ ಹುಡ್ ಇಲ್ಲದೆ ಅಜ್ಜ ಹೊರಡೋ ಹಾಗಿಲ್ಲ.

ಮೊದಲನೇ ಹುಡ್: ಮೂರು ತಪ್ಪು

ಟೇಪ್ ಹಿಡಿದು ಕಮಾನುಗಳ ಅಳತೆ ತಗೊಂಡೆ. ಉದ್ದ 150 ಸೆಂ.ಮೀ., ಅಗಲ 120 ಸೆಂ.ಮೀ. ಪೇಪರ್ ಮೇಲೆ ನೀಟಾಗಿ ಡ್ರಾಯಿಂಗ್ ಮಾಡಿ, ಸೋಫಾ ಕವರ್ ಹೊಲಿಯೋ ಒಂದು ಕಡೆ ಕೊಟ್ಟೆ. ಅವರು ನಾನು ಕೊಟ್ಟ ಅಳತೆಗೆ ಒಂದು ಮಿ.ಮೀ. ಕೂಡ ತಪ್ಪದೆ ಹೊಲಿದುಕೊಟ್ರು. ಅಂದ್ರೆ ತಪ್ಪೆಲ್ಲ ನಂದೇ.

ಮೂರನೇ ದಿನ ಶಿರಹಟ್ಟಿ ರಸ್ತೆಯಲ್ಲಿ 60ರ ಸ್ಪೀಡ್ ಮುಟ್ಟಿದಾಗ ಹುಡ್ ಪಟಪಟ ಬಡಿಯೋಕೆ ಶುರುವಾಯ್ತು. ಆಮೇಲೆ ಪೂರಿ ಉಬ್ಬಿದ ಹಾಗೆ ಉಬ್ಬಿತು. ಮುಂದಿನ ಅಂಚಿನ ಪ್ರೆಸ್ ಬಟನ್‌ಗಳು ಟಪ್ ಟಪ್ ಅಂತ ಒಂದೊಂದಾಗಿ ಬಿಚ್ಚಿಕೊಂಡವು. ಬಟ್ಟೆ ಹಿಂದಕ್ಕೆ ಮಗುಚಿ ಕಮಾನಿಗೆ ಸಿಕ್ಕಿ ಉದ್ದಕ್ಕೆ ಹರಿಯಿತು. ಯಾರಿಗೂ ಏನೂ ಆಗಲಿಲ್ಲ. ಆದ್ರೆ ಅವತ್ತು ಅಜ್ಜ ಪಕ್ಕದಲ್ಲಿ ಕೂತಿದ್ರೆ ಅನ್ನೋದು ತಲೆಯಿಂದ ಹೋಗಲಿಲ್ಲ. ಜೀಪು ನಿಲ್ಲಿಸಿ, ಹರಿದ ರೆಕ್ಸಿನ್ ಸುತ್ತಿ ಹಿಂದೆ ಹಾಕ್ಕೊಂಡು ಬಿಸಿಲಲ್ಲಿ ಮನೆಗೆ ಬಂದ್ವಿ.

ಗಾಳಿ ಎಷ್ಟು ಎಳೆಯುತ್ತೆ?

ಮನೆಗೆ ಬಂದು ಲೆಕ್ಕ ಹಾಕಿದೆ. ಈ ಲೆಕ್ಕ ಮೊದಲೇ ಮಾಡಬೇಕಿತ್ತು. ಗಾಳಿಯ ಡೈನಮಿಕ್ ಪ್ರೆಶರ್ ಅಂದ್ರೆ ಸಾಂದ್ರತೆಯ ಅರ್ಧ ಗುಣಿಸು ವೇಗದ ವರ್ಗ. ನಮ್ಮ ಕಡೆಯ ಎತ್ತರಕ್ಕೆ ಗಾಳಿಯ ಸಾಂದ್ರತೆ ಸುಮಾರು 1.1 ಕೆಜಿ ಪ್ರತಿ ಘನ ಮೀಟರ್ ಅಂತ ಹಿಡಿಯೋಣ. ಗಂಟೆಗೆ 60 ಕಿ.ಮೀ. ಅಂದ್ರೆ ಸೆಕೆಂಡಿಗೆ 16.7 ಮೀಟರ್. ಪ್ರೆಶರ್ ಸುಮಾರು 153 ಪಾಸ್ಕಲ್ ಬರುತ್ತೆ. ಹುಡ್ ಮೇಲೆ ಗಾಳಿ ಜೋರಾಗಿ ಹರಿದು ಒತ್ತಡ ಕಡಿಮೆಯಾಗುತ್ತೆ, ಒಳಗೆ ನಿಂತ ಗಾಳಿ ಮೇಲಕ್ಕೆ ತಳ್ಳುತ್ತೆ. ವ್ಯತ್ಯಾಸ ಅಷ್ಟೇ ಇದೆ ಅಂದ್ಕೊಂಡ್ರೆ, 1.8 ಚದರ ಮೀಟರ್ ಹುಡ್ ಮೇಲೆ 275 ನ್ಯೂಟನ್, ಅಂದ್ರೆ 28 ಕೆಜಿ. ಸ್ಪೀಡ್ 80 ಆದ್ರೆ ಅದೇ 50 ಕೆಜಿ. ಒಂದು ಸಿಮೆಂಟ್ ಚೀಲದ ತೂಕದಷ್ಟು ಬಲ ನಿಮ್ಮ ಹುಡ್ಡನ್ನ ಮೇಲಕ್ಕೆ ಎಳೀತಿರುತ್ತೆ. ವೇಗದ ವರ್ಗ ಅನ್ನೋ ಪದದ ಅರ್ಥ ನನಗೆ ಅವತ್ತು ಗೊತ್ತಾಯ್ತು.

ಇದನ್ನ ಬಟ್ಟೆ ಹೇಗೆ ತಡೆಯುತ್ತೆ? ಬಟ್ಟೆಗೆ ಬೀಮ್ ತರಹ ಬಾಗೋಕೆ ವಿರೋಧ ಇಲ್ಲ, ಎಳೆದ್ರೆ ಮಾತ್ರ ಅದಕ್ಕೆ ಶಕ್ತಿ. ಸೂತ್ರ ಸಿಂಪಲ್: ಬಟ್ಟೆಯ ಎಳೆತ ಅಂದ್ರೆ ಪ್ರೆಶರ್ ಗುಣಿಸು ವಕ್ರತೆಯ ತ್ರಿಜ್ಯ. ಎರಡು ಕಮಾನಿನ ನಡುವೆ 70 ಸೆಂ.ಮೀ. ಇದೆ, ಬಟ್ಟೆ ನಡುವೆ 20 ಮಿ.ಮೀ. ಉಬ್ಬಬಹುದು ಅಂತಿಟ್ಕೊಳ್ಳಿ. ತ್ರಿಜ್ಯ ಸುಮಾರು 3 ಮೀಟರ್, ಎಳೆತ ಮೀಟರ್ ಅಗಲಕ್ಕೆ 470 ನ್ಯೂಟನ್. ಉಬ್ಬು 5 ಮಿ.ಮೀ. ಮಾತ್ರ ಇರಬೇಕು ಅಂದ್ರೆ ತ್ರಿಜ್ಯ ನಾಲ್ಕು ಪಟ್ಟು, ಎಳೆತವೂ ನಾಲ್ಕು ಪಟ್ಟು. ಪೂರ್ತಿ ಚಪ್ಪಟೆ ಬೇಕು ಅಂದ್ರೆ ಎಳೆತ ಅನಂತ! ಟೇಬಲ್ ತರಹ ಸಪಾಟಾದ ಹುಡ್ ಚಂದ ಕಾಣುತ್ತೆ ಅಂತ ನಾನು ಮಾಡಿದ್ದ ಡ್ರಾಯಿಂಗ್ ಅದನ್ನೇ ಕೇಳ್ತಿತ್ತು.

ಇನ್ನೊಂದು ಮುಖ್ಯ ಮಾತು. ನಡುವಿನ ಕಮಾನಿಗೆ ಎರಡೂ ಕಡೆಯಿಂದ ಎಳೆತ ಬರೋದ್ರಿಂದ ಹೆಚ್ಚುಕಡಿಮೆ ಸಮ ಆಗುತ್ತೆ. ಪೂರ್ತಿ ಎಳೆತ ಬೀಳೋದು ಮುಂದಿನ ಅಂಚು ಮತ್ತು ಹಿಂದಿನ ಅಂಚಿನ ಮೇಲೆ. 120 ಸೆಂ.ಮೀ. ಅಗಲಕ್ಕೆ ಸುಮಾರು 560 ನ್ಯೂಟನ್, ಅಂದ್ರೆ 57 ಕೆಜಿ. ನಾನು ಅಲ್ಲಿ ಹಾಕಿದ್ದು ಐದು ಪ್ರೆಸ್ ಬಟನ್. ಅವನ್ನ ಅಡ್ಡಕ್ಕೆ ಎಳೆದ್ರೆ ತಡೀತವೆ, ಮೇಲಕ್ಕೆ ಎತ್ತಿದ್ರೆ ಬಿಚ್ಚೋದೇ ಅವುಗಳ ಕೆಲಸ. ಗಾಳಿ ಮೇಲಕ್ಕೇ ಎತ್ತಿತು.

ಬೆಟಗೇರಿಯ ಪಾಠ

ಗದಗ-ಬೆಟಗೇರಿ ಅವಳಿ ಊರಿನಲ್ಲಿ ಬೆಟಗೇರಿ ಅಂದ್ರೆ ನೇಕಾರರ ಊರು. ಅಲ್ಲಿ ಒಬ್ಬ ಹಿರಿಯರಿದ್ದಾರೆ. ಮೊದಲು ಟಾಂಗಾಕ್ಕೆ, ಆಮೇಲೆ ಜೀಪಿಗೆ, ಈಗ ಹೆಚ್ಚಾಗಿ ಟ್ರ್ಯಾಕ್ಟರ್ ಸೀಟಿಗೆ ಹೊಲೀತಾರೆ. ಹರಿದ ಹುಡ್ ಅವರ ಮುಂದೆ ಹಾಸಿದೆ. ಎರಡು ನಿಮಿಷ ನೋಡಿದ್ರು.

"ಅಳತಿ ಬರೋಬ್ಬರಿ ಐತಿ. ಆದ್ರ ಜಗ್ಗು ಎಲ್ಲೈತಿ? ಹಾಸು ಯಾ ಕಡೆ ಹಿಡದೀರಿ?"

ನನಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. ಅವರು ಬಟ್ಟೆಯ ಒಂದು ಮೂಲೆ ಬಿಡಿಸಿ ತೋರಿಸಿದ್ರು. ಉದ್ದಕ್ಕೆ ಹೋಗೋ ಎಳೆ ಹಾಸು, ಅಡ್ಡಕ್ಕೆ ಹೋಗೋ ಎಳೆ ಹೊಕ್ಕು. ಹತ್ತನೇ ಕ್ಲಾಸ್ ಪ್ರಬಂಧದಲ್ಲಿ "ನಮ್ಮ ಸಂಸ್ಕೃತಿಯಲ್ಲಿ ಹಾಸುಹೊಕ್ಕಾಗಿದೆ" ಅಂತ ಬರೆದು ಮಾರ್ಕ್ಸ್ ತಗೊಂಡಿದ್ದೆ. ಆ ಪದ ಮಗ್ಗದಿಂದ ಬಂದಿದ್ದು ಅಂತ ಅವತ್ತಿನವರೆಗೆ ಗೊತ್ತಿರಲಿಲ್ಲ.

ಹಾಸಿನ ದಿಕ್ಕಿಗೆ ಎಳೆದ್ರೆ ಬಟ್ಟೆ ಕಡಿಮೆ ಹಿಗ್ಗುತ್ತೆ. ಹೊಕ್ಕಿನ ದಿಕ್ಕಿಗೆ ಸ್ವಲ್ಪ ಜಾಸ್ತಿ. 45 ಡಿಗ್ರಿ ಓರೆಯಾಗಿ ಎಳೆದ್ರೆ ಚೌಕಗಳೆಲ್ಲ ವಜ್ರಾಕಾರ ಆಗಿ ಬಟ್ಟೆ ಸಲೀಸಾಗಿ ಹಿಗ್ಗುತ್ತೆ. ನಿಮ್ಮ ಕರ್ಚೀಫ್ ತಗೊಂಡು ಈಗಲೇ ಎಳೆದು ನೋಡಿ. ಮೆಟೀರಿಯಲ್ ಸೈನ್ಸ್‌ನಲ್ಲಿ ದಿಕ್ಕಿಗೊಂದು ಗುಣ ಅಂತ ಓದೋದು ಇದನ್ನೇ. ನಾನು ಬಟ್ಟೆ ಉಳಿಸೋಕೆ ಅಂತ ಪೀಸ್‌ಗಳನ್ನ ಓರೆಯಾಗಿ ಕತ್ತರಿಸಲು ಹೇಳಿದ್ದೆ. ಉಳಿದಿದ್ದು ಅರ್ಧ ಮೀಟರ್, ಹೋಗಿದ್ದು ಪೂರ್ತಿ ಹುಡ್.

ಎರಡನೇ ಹುಡ್: ಹಂತ ಹಂತವಾಗಿ

1. ಮೊದಲು ಕಮಾನು. ಹಳೇ ಕಮಾನುಗಳು ತುಕ್ಕು ಹಿಡಿದು ಸೊಟ್ಟಗಾಗಿದ್ದವು. ಗದಗಿನಲ್ಲಿ 25 ಮಿ.ಮೀ. ಎಂಎಸ್ ಪೈಪಿನಲ್ಲಿ ಹೊಸದು ಬಾಗಿಸಿದ್ವಿ, ಗೋಡೆ ದಪ್ಪ 1.6 ಮಿ.ಮೀ. ಬಾಗಿಸುವಾಗ ಪೈಪು ಚಪ್ಪಟೆಯಾಗದಿರಲಿ ಅಂತ ಒಳಗೆ ಒಣ ಮರಳು ತುಂಬಿ ಎರಡೂ ತುದಿ ಮುಚ್ಚಿದ್ರು. ಪೈಪು ಬಿಟ್ಟ ಕೂಡಲೇ ಸ್ವಲ್ಪ ವಾಪಸ್ ಬರುತ್ತೆ, ಅದಕ್ಕೆ ಬೇಕಾದ್ದಕ್ಕಿಂತ ಎರಡು ಮೂರು ಡಿಗ್ರಿ ಜಾಸ್ತಿ ಬಾಗಿಸಬೇಕು. ಕಮಾನಿನ ನೆತ್ತಿ ಅಂಚಿಗಿಂತ 40 ಮಿ.ಮೀ. ಎತ್ತರ ಇಟ್ವಿ. ಬಟ್ಟೆಗೆ ವಕ್ರತೆ ಸಿಕ್ಕಿತು, ನೀರು ನಿಲ್ಲೋ ಸಮಸ್ಯೆಯೂ ಹೋಯ್ತು. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ನೀರು ನಿಂತ್ರೆ 1 ಕೆಜಿ. ನೀರು ನಿಂತಲ್ಲಿ ಬಟ್ಟೆ ತಗ್ಗಾಗುತ್ತೆ, ತಗ್ಗಾದಲ್ಲಿ ಇನ್ನಷ್ಟು ನೀರು ನಿಲ್ಲುತ್ತೆ. ಹಳ್ಳಿ ಸವಾರಿ ಬಂಡಿಯ ಮೇಲಿನ ಬಿದಿರಿನ ಕಮಾನು ದುಂಡಗಿರೋದು ಸುಮ್ಮನೆ ಅಲ್ಲ.

2. ಆಮೇಲೆ ನವಾರ. ಇದು ನನಗೆ ಅತಿ ಇಷ್ಟವಾದ ಹಂತ. ಮಂಚಕ್ಕೆ ಹೆಣೆಯೋ ನವಾರದ ಎರಡು ಪಟ್ಟಿಗಳನ್ನ ಗಾಜಿನ ಫ್ರೇಮ್‌ನಿಂದ ಕಮಾನುಗಳ ಮೇಲೆ ಹಾಯಿಸಿ ಹಿಂದಿನ ಬಾಡಿಗೆ ಬಿಗಿದ್ರು. ಬಟ್ಟೆ ಬರೋ ಮೊದಲೇ ಕಮಾನುಗಳು ತಮ್ಮ ಜಾಗದಲ್ಲಿ ನಿಲ್ಲಬೇಕು. ಇಲ್ಲಾಂದ್ರೆ ಬಟ್ಟೆ ಎಳೆದಾಗ ಕಮಾನೇ ಮುಂದೆ ಬಂದುಬಿಡುತ್ತೆ, ಬಿಗಿ ಬರಲ್ಲ. ಹಾಟ್ ರಾಡ್ ಟಾಪ್‌ಗಳಲ್ಲೂ ಬಟ್ಟೆಯ ಕೆಳಗೆ ಇಂಥದೇ ಪಟ್ಟಿಗಳಿರುತ್ತವೆ.

3. ಪ್ಯಾಟರ್ನ್ ಗಾಡಿ ಮೇಲೇ ತೆಗೀಬೇಕು. ಟೇಪ್ ಅಳತೆಯಿಂದ ಆಗಲ್ಲ. ಗಟ್ಟಿ ಪ್ಲಾಸ್ಟಿಕ್ ಹಾಳೆಯನ್ನ ಕಮಾನಿನ ಮೇಲೆ ಎಳೆದು ಕ್ಲಿಪ್ ಹಾಕಿ, ಮೊದಲು ನಡುಗೆರೆ, ಆಮೇಲೆ ಪ್ರತಿ ಕಮಾನಿನ ಗೆರೆ, ಕೊನೆಗೆ ಅಂಚು ಮಾರ್ಕ್ ಮಾಡಿದ್ವಿ. ಎಡ ಬಲ ಒಂದೇ ಅಂತ ನಂಬಬಾರದು. 50 ವರ್ಷದ ಜೀಪು, ನಮ್ಮದರಲ್ಲಿ 9 ಮಿ.ಮೀ. ವ್ಯತ್ಯಾಸ ಇತ್ತು.

4. ಬೆರಳು ಕಡಿಮೆ. ಪ್ಯಾಟರ್ನ್ ಉದ್ದದಲ್ಲಿ ಅವರು ಒಂದು ಬೆರಳಗಲ ಕಡಿಮೆ ಕತ್ತರಿಸಿದ್ರು. ನಾನು ಅಳೆದು ನೋಡಿದೆ, 16 ಮಿ.ಮೀ., ಅಂದ್ರೆ 150 ಸೆಂ.ಮೀ.ಗೆ ಶೇಕಡಾ 1ರಷ್ಟು. ಅವರು ಕೇಳಿದ ಜಗ್ಗು ಇಲ್ಲಿದೆ. ಹಾಸು ಜೀಪಿನ ಉದ್ದಕ್ಕೆ, ಹೊಕ್ಕು ಅಡ್ಡಕ್ಕೆ. ಬಟ್ಟೆ ಬೇರೆಯಾದ್ರೆ ಈ ಅಳತೆಯೂ ಬೇರೆ. ಮೊದಲು ಒಂದು ಪಟ್ಟಿ ಎಳೆದು ನೋಡಿ ತೀರ್ಮಾನಿಸಬೇಕು.

5. ಬಟ್ಟೆ ಯಾವುದು? ಹತ್ತಿ ಕ್ಯಾನ್ವಾಸ್ ನೆನೆದಾಗ ಎಳೆ ಉಬ್ಬಿ ರಂಧ್ರ ಮುಚ್ಚಿಕೊಳ್ಳುತ್ತೆ, ಉಸಿರಾಡುತ್ತೆ. ಆದ್ರೆ ಒದ್ದೆ ಮಡಚಿಟ್ರೆ ಬೂಸಲು ಬರುತ್ತೆ, ಕುಗ್ಗುತ್ತೆ. ಪಾಲಿಯೆಸ್ಟರ್ ಬಟ್ಟೆಗೆ ಪಿವಿಸಿ ಲೇಪಿಸಿದ್ದು ನೀರು ಬಿಡಲ್ಲ, ಅಗ್ಗ, ಆದ್ರೆ ಬಿಸಿಲಿಗೆ ಮೆತ್ತಗಾಗುತ್ತೆ. ನಾವು ಪಿವಿಸಿಯದನ್ನೇ ತಗೊಂಡ್ವಿ. ಅದಕ್ಕೇ ಗಾಡಿಗೆ ಏರಿಸಿದ್ದು ಮಟಮಟ ಮಧ್ಯಾಹ್ನ. ಬಿಸಿಲಲ್ಲಿ ಬಟ್ಟೆ ಮಾತು ಕೇಳುತ್ತೆ, ಸಂಜೆ ತಂಪಾದಾಗ ಇನ್ನೂ ಬಿಗಿಯಾಗುತ್ತೆ. ಚಳಿಯಲ್ಲಿ ಬಿಗಿ ಮಾಡಿದ್ರೆ ಏಪ್ರಿಲ್‌ನಲ್ಲಿ ಜೋಲು ಬೀಳುತ್ತೆ.

6. ಹೊಲಿಗೆ. ದಪ್ಪ ಪಾಲಿಯೆಸ್ಟರ್ ದಾರ, ಸೂಜಿ 18ನೇ ನಂಬರ್, ಹೊಲಿಗೆ ಉದ್ದ 4ರಿಂದ 5 ಮಿ.ಮೀ. ಹತ್ತಿರ ಹತ್ತಿರ ಹೊಲಿದ್ರೆ ಗಟ್ಟಿ ಅಂತ ನಾನು ಅಂದ್ಕೊಂಡಿದ್ದೆ. ಉಲ್ಟಾ. ರಂಧ್ರ ಜಾಸ್ತಿಯಾದ್ರೆ ಅಂಚೆ ಸ್ಟಾಂಪ್ ಹರಿದ ಹಾಗೆ ಅದೇ ಗೆರೆಯಲ್ಲಿ ಹರಿಯುತ್ತೆ. ಎರಡು ಅಂಚನ್ನ ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿಗೆ. ಅಡ್ಡ ಹೊಲಿಗೆಯ ಮಡಿಕೆ ಹಿಂದಕ್ಕೆ ತಿರುಗಿರಬೇಕು, ಮಂಗಳೂರು ಹೆಂಚು ಒಂದರ ಮೇಲೊಂದು ಕೂರೋ ಹಾಗೆ, ಆಗ ಎದುರುಗಾಳಿಯ ಮಳೆ ಒಳಗೆ ನುಗ್ಗಲ್ಲ. ಹೊಲಿಗೆ ಕಮಾನಿನ ನೆತ್ತಿ ಮೇಲೆ ಬಂದ್ರೆ ಇನ್ನೂ ಒಳ್ಳೇದು, ಅಲ್ಲಿ ಬಟ್ಟೆ ಬಡಿಯಲ್ಲ. ಕಮಾನಿಗೆ ಉಜ್ಜೋ ಜಾಗದಲ್ಲಿ ಒಳಗಡೆ ಇನ್ನೊಂದು ಪದರ ಹೊಲಿಯಬೇಕು.

7. ಮುಂದಿನ ಅಂಚು. ಪ್ರೆಸ್ ಬಟನ್ ಬಿಟ್ವಿ. ಅಂಚಿನೊಳಗೆ ನೈಲಾನ್ ಹಗ್ಗ ಇಟ್ಟು ಹೊಲಿದು, ಅದನ್ನ ಅಲ್ಯೂಮಿನಿಯಂ ಚಾನೆಲ್ ಒಳಗೆ ಪಕ್ಕದಿಂದ ಜಾರಿಸಿದ್ವಿ. ಎಳೆತ ಐದು ಬಿಂದುವಿನ ಬದಲು ಪೂರ್ತಿ ಅಂಚಿಗೆ ಹಂಚಿಹೋಗುತ್ತೆ. ಚಾನೆಲ್ ಕೂರಿಸಿದ್ದು ಫ್ರೇಮಿನಲ್ಲಿ ಮೊದಲೇ ಇದ್ದ ಸ್ಕ್ರೂ ರಂಧ್ರಗಳಿಗೆ. ಹೊಸದಾಗಿ ಒಂದು ರಂಧ್ರವನ್ನೂ ಕೊರೆದಿಲ್ಲ.

8. ಬಿಗಿಯೋ ಕ್ರಮ. ಮುಂದೆ ನಡು, ಹಿಂದೆ ನಡು, ಆಮೇಲೆ ಎಡ ಬಲ ಒಂದೊಂದಾಗಿ ಹೊರಗಡೆಗೆ. ಚಕ್ರದ ನಟ್ ಬಿಗಿಯುವಾಗ ಎದುರುಬದುರು ಬಿಗೀತೀವಲ್ಲ, ಅದೇ ತರಹ. ಒಂದೇ ಕಡೆಯಿಂದ ಹೋದ್ರೆ ಸುಕ್ಕೆಲ್ಲ ಇನ್ನೊಂದು ಮೂಲೆಗೆ ಸೇರುತ್ತೆ. ಸುಕ್ಕು ಅಂದ್ರೆ ಅಲ್ಲಿ ಎಳೆತ ಇಲ್ಲ ಅಂತ ಅರ್ಥ. ಅದನ್ನ ನೋಡಿ ಎಲ್ಲಿ ಬಿಗಿ ಕಡಿಮೆ ಅಂತ ಓದಬಹುದು.

9. ಹಿಂದಿನ ಕಿಟಕಿ. ಪಾರದರ್ಶಕ ಪಿವಿಸಿ ಹಾಳೆ. ಇದನ್ನ ಮಡಚಬಾರದು, ಸುತ್ತಬೇಕು. ಪೆಟ್ರೋಲ್, ಸೀಮೆಎಣ್ಣೆಯಲ್ಲಿ ಒರೆಸಿದ್ರೆ ಮಬ್ಬಾಗುತ್ತೆ. ನೀರು, ಸೋಪು, ಹತ್ತಿ ಬಟ್ಟೆ ಸಾಕು.

ಮುಂಡರಗಿ ರಸ್ತೆ

ಹುಡ್ ಮುಗಿದ ಮೇಲೆ ಒಂದು ವಾರ ನಾನೊಬ್ಬನೇ ಓಡಿಸಿ ನೋಡಿದೆ, ಮೊದಲು 40, ಆಮೇಲೆ 50, 60. ಪ್ರತಿ ಸಲ ನಿಲ್ಲಿಸಿ ಅಂಚು ಮುಟ್ಟಿ ನೋಡ್ತಿದ್ದೆ. ಆಮೇಲೆ ಅಜ್ಜನ್ನ ಕೂರಿಸಿಕೊಂಡು ಗದಗಿನಿಂದ ಡಂಬಳದ ಮೇಲೆ ಮುಂಡರಗಿಗೆ ಹೊರಟ್ವಿ. ಆ ದಾರಿಯಲ್ಲಿ ಕಪ್ಪತಗುಡ್ಡದ ಕಡೆಯಿಂದ ಬರೋ ಗಾಳಿ ನಿಮಗೆ ಗೊತ್ತೇ ಇದೆ. ಅಷ್ಟೊಂದು ಗಾಳಿಯಂತ್ರ ಆ ಗುಡ್ಡದ ಮೇಲೆ ನಿಂತಿರೋದೇ ಅದಕ್ಕೆ. ಅಡ್ಡಗಾಳಿಗೆ ಜೀಪು ಸ್ವಲ್ಪ ಅಲುಗಾಡಿತು. ಹುಡ್ ತಬಲಾ ಚರ್ಮದ ಹಾಗೆ ಬಿಗಿಯಾಗಿತ್ತು, ಪಟಪಟ ಇಲ್ಲ. ಅಜ್ಜ ಮೇಲೆ ಕೈ ಚಾಚಿ ಬೆರಳಿಂದ ಒಮ್ಮೆ ಬಡಿದು ನೋಡಿದ. "ಮೊದಲಿನ ಹುಡ್ಡಿಗೂ ಹಿಂಗ ಸಪ್ಪಳ ಬರ್ತಿತ್ತು" ಅಂದ. ಆಮೇಲೆ ಮುಂಡರಗಿ ಬರೋವರೆಗೆ ನಿದ್ದೆ ಮಾಡಿದ.

ವಾಪಸ್ ಬರುವಾಗ ಮಳೆ ಹಿಡೀತು. ಎಡ ಮೂಲೆಯ ಹೊಲಿಗೆಯಿಂದ ಹನಿ ಹನಿ ಸೋರಿತು, ಅದು ನಾನು ಕೂತು ಹೊಲಿದ ಒಂದೇ ಒಂದು ಸಾಲು. ಮಾರನೇ ದಿನ ಅದಕ್ಕೆ ಒಳಗಿಂದ ಸೀಲೆಂಟ್ ಹಚ್ಚಿದೆ.

ಬೆಟಗೇರಿಯ ಆ ಹಿರಿಯರ ಮಕ್ಕಳು ಈ ಕೆಲಸದಲ್ಲಿಲ್ಲ. ಬೆರಳು ಕಡಿಮೆ, ಹಾಸು ಉದ್ದಕ, ನಡುವಿಂದ ಬಿಗಿ ಅನ್ನೋದೆಲ್ಲ ಅವರ ಕೈಯಲ್ಲಿದೆ, ಯಾವ ಪುಸ್ತಕದಲ್ಲೂ ಅವರು ಬರೆದಿಟ್ಟಿಲ್ಲ. ನಾನು ಸ್ಕೇಲ್ ಹಿಡಿದು ಅವರ ಬೆರಳು ಅಳೆದಾಗ ಅವರು ನಕ್ಕರು, ಆದ್ರೆ ಕೈ ಹಿಂದಕ್ಕೆ ತಗೊಳ್ಳಲಿಲ್ಲ. ಪ್ಯಾಟರ್ನ್ ಹಾಳೆಗಳನ್ನ ನಮ್ಮನೆ ಅಟ್ಟದ ಮೇಲೆ ಸುತ್ತಿಟ್ಟಿದ್ದೀನಿ, ಮೇಲೆ ಕನ್ನಡದಲ್ಲೇ ಬರೆದಿದ್ದೀನಿ: ಮುಂದ, ಹಿಂದ, ಹಾಸು. ನಿಮ್ಮ ಊರಿನಲ್ಲೂ ಇಂಥವರಿದ್ರೆ ರಜೆಯಲ್ಲಿ ಒಂದು ದಿನ ಅವರ ಪಕ್ಕ ಕೂರಿ. ಹೋಗುವಾಗ ಸ್ಕೇಲ್ ಮತ್ತು ನೋಟ್‌ಬುಕ್ ತಗೊಂಡು ಹೋಗಿ.